ಉಚ್ಚಂಗಿದುರ್ಗ: ಒಂದು ವಾರ ಬಂದೋಬಸ್ತ್, ವರ್ಷವೆಲ್ಲಾ ಮರೆವು

ಭರತ ಹುಣ್ಣಿಮೆ ಮುಗಿದ ಮೇಲಿನ ಒಂದು ಮಂಗಳವಾರ ಉಚ್ಚಂಗಿದುರ್ಗಕ್ಕೆ ಹೋಗಿದ್ದೆ. ಜಾತ್ರೆ ದಿನ ಹೋದ್ರೆ ಜನ ಬಿಟ್ಟು ಬೇರೇನೂ ಕಾಣಲ್ಲ. ಜಾತ್ರೆ ಮುಗಿದ ಮೇಲೆ ಹೋದ್ರೆ ಊರು ಕಾಣುತ್ತೆ.

ಹಾಲಮ್ಮನ ತೋಪಿನಲ್ಲಿ ಒಲೆ ಹೂಡಿದ್ದ ಕಲ್ಲುಗಳು ಹಾಗೇ ಇದ್ವು. ಮೂರು ಕಲ್ಲು, ನಡುವೆ ಬೂದಿ, ಪಕ್ಕದಲ್ಲಿ ಪ್ಲಾಸ್ಟಿಕ್ ತಟ್ಟೆ, ನೀರಿನ ಪ್ಯಾಕೆಟ್, ಒಡೆದ ಹಸಿರು ಬಳೆ. ಗಾಳಿಗೆ ಕ್ಯಾರಿಬ್ಯಾಗು ಹಾರಿ ಜಾಲಿ ಗಿಡಕ್ಕೆ ಸಿಕ್ಕಿಕೊಂಡಿದ್ವು. ನಾಲ್ಕು ಆಡು ಅಲ್ಲೇ ಮೇಯ್ತಿದ್ವು. ಮೇಯ್ತಿದ್ದದ್ದು ಹುಲ್ಲೋ ಪ್ಲಾಸ್ಟಿಕ್ಕೋ ದೇವಿಗೇ ಗೊತ್ತು.

ಮೆಟ್ಟಿಲು ಹತ್ತೋ ದಾರಿಯಲ್ಲಿ ಕಾಯಿ-ಕರ್ಪೂರ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನ ಮಾತಾಡಿಸಿದೆ. ವ್ಯಾಪಾರ ಹೆಂಗೈತಮ್ಮ ಅಂತ ಕೇಳಿದ್ರೆ, ಬರೋರು ಹೆಚ್ಚಾಗ್ಯಾರೆ, ಕೊಳ್ಳೋರು ಹೆಚ್ಚಾಗಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ಜನ ದಾವಣಗೆರೆಯಿಂದಲೇ ಕಾಯಿ, ಹಣ್ಣು, ಸೀರೆ, ಕುಂಕುಮ ಎಲ್ಲಾ ಕಟ್ಟಿಕೊಂಡು ಬರ್ತಾರೆ. ಇಲ್ಲಿ ಬಿಟ್ಟು ಹೋಗೋದು ಬರೀ ಕಸ.

ಈ ಒಂದು ಮಾತನ್ನ ಇಟ್ಟುಕೊಂಡೇ ಈ ವರದಿ. ನಮ್ಮ ಐದು ತಾಲ್ಲೂಕುಗಳಲ್ಲಿ ಗುಡ್ಡದ ಮಗ್ಗುಲಿಗೆ ಅಂಟಿಕೊಂಡು, ಹಳೆಯ ಆಚರಣೆ ಹಿಡಿದುಕೊಂಡು, ಕೋಟೆಯ ನೆರಳಲ್ಲೇ ಬದುಕುತ್ತಿರೋ ದೊಡ್ಡ ಊರು ಅಂದ್ರೆ ಉಚ್ಚಂಗಿದುರ್ಗ. ಎಲ್ಲರೂ ಹೋಗಿ ಬರೋ ಊರು. ಆದ್ರೆ ಈ ಊರಿನ ಜವಾಬ್ದಾರಿ ಯಾರದು ಅಂತ ಕೇಳಿದ್ರೆ ಸರಿಯಾದ ಉತ್ತರ ಸಿಗಲ್ಲ.

ಸುಲಭಕ್ಕೆ ಸಿಗದ ಗುಡ್ಡ

ಮೊದಲು ಗುಡ್ಡದ ಬಗ್ಗೆ ನಾಲ್ಕು ಮಾತು. ಯಾಕಂದ್ರೆ ಅಲ್ಲಿಗೆ ಹೋಗೋ ಹುಡುಗರಲ್ಲಿ ಬಹಳ ಮಂದಿಗೆ ಇದು ‘ದೇವಸ್ಥಾನ ಐತಿ, ಮೇಲೆ ಚಲೋ ಗಾಳಿ ಬರ್ತೈತಿ’ ಅನ್ನೋದಷ್ಟೇ ಗೊತ್ತು.

ಇದು ನೊಳಂಬವಾಡಿಯ ಗಟ್ಟಿ ಕೋಟೆ. ‘ನೊಳಂಬವಾಡಿ 32,000’ ಅಂತ ಶಾಸನಗಳಲ್ಲಿ ಬರೋ ಸೀಮೆಯನ್ನ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿದ ಪಾಂಡ್ಯರಿಗೆ ‘ಉಚ್ಚಂಗಿ ಪಾಂಡ್ಯರು’ ಅಂತಲೇ ಹೆಸರು. ಮಧುರೆಯ ಪಾಂಡ್ಯರು ಬೇರೆ, ಇವರು ಬೇರೆ. ಅವರಿಗಿಂತ ಮುಂಚೆ ಗಂಗರ ಮಾರಸಿಂಹ ನೊಳಂಬರ ಕೈಯಿಂದ ಈ ಕೋಟೆ ಕಿತ್ತುಕೊಂಡ. ಅವನಿಗೆ ‘ನೊಳಂಬಕುಲಾಂತಕ’ ಅಂತ ಬಿರುದು. ಆಮೇಲೆ ಹೊಯ್ಸಳ ವಿಷ್ಣುವರ್ಧನ ಬಂದ. 12ನೇ ಶತಮಾನದ ಕೊನೆ ಭಾಗದಲ್ಲಿ ಇಮ್ಮಡಿ ಬಲ್ಲಾಳ ಕೋಟೆ ಗೆದ್ದ. ಅವನ ಬಿರುದುಗಳಲ್ಲಿ ‘ಗಿರಿದುರ್ಗಮಲ್ಲ’ ಅನ್ನೋದು ಈ ಗುಡ್ಡದ ಗೆಲುವಿನ ಜೊತೆ ಸೇರಿಕೊಂಡಿದೆ. ಬೇಲೂರು, ಹಳೇಬೀಡು ನೋಡೋಕೆ ದುಡ್ಡು ಖರ್ಚು ಮಾಡಿ ಹೋಗೋ ನಾವು, ಆ ರಾಜರು ಗೆದ್ದೆ ಅಂತ ಮೀಸೆ ತಿರುವಿದ ಜಾಗದಲ್ಲೇ ಕೂತು ಮಂಡಕ್ಕಿ ತಿಂದು ಎದ್ದು ಬರ್ತೀವಿ.

ಪಾಳೆಯಗಾರರ ಕಾಲದಲ್ಲೂ ಇದರ ಹೆಸರು ಕುಗ್ಗಲಿಲ್ಲ. ಹರಪನಹಳ್ಳಿ ಪಾಳೆಯಗಾರರಿಗೂ ಈ ದುರ್ಗಕ್ಕೂ ನಂಟು. ಚಿತ್ರದುರ್ಗದ ಕೋಟೆಯೊಳಗೂ ಉಚ್ಚಂಗಮ್ಮನ ಗುಡಿ ಇದೆ. ಅಂದ್ರೆ ಈ ದೇವಿಯ ಒಕ್ಕಲು ಒಂದು ತಾಲ್ಲೂಕು, ಒಂದು ಜಿಲ್ಲೆಗೆ ಸೇರಿದ್ದಲ್ಲ. ಉತ್ಸವಾಂಬೆ ಅಂತ ಕರೆಯೋರು ಇದಾರೆ, ಉಚ್ಚಂಗೆಮ್ಮ ಅನ್ನೋರು ಇದಾರೆ, ಉಚ್ಚಂಗಿ ಎಲ್ಲಮ್ಮ ಅನ್ನೋರೂ ಇದಾರೆ. ಕರೆಯೋ ಹೆಸರು ಮೂರು, ಹತ್ತೋ ಗುಡ್ಡ ಒಂದೇ.

ಒಂದು ಊರು, ಐದು ವಿಳಾಸ

ಈಗ ತಲೆ ಕೆಡಿಸೋ ವಿಷಯಕ್ಕೆ ಬರೋಣ.

ಉಚ್ಚಂಗಿದುರ್ಗದ ತಾಲ್ಲೂಕು ಹರಪನಹಳ್ಳಿ. ಜಿಲ್ಲೆ ವಿಜಯನಗರ. ವಿಧಾನಸಭಾ ಕ್ಷೇತ್ರ ಜಗಳೂರು. ಲೋಕಸಭಾ ಕ್ಷೇತ್ರ ದಾವಣಗೆರೆ. ಕಂದಾಯ ವಿಭಾಗ ಕಲಬುರಗಿ. ಒಂದು ಅರ್ಜಿ ಹಿಡಿದುಕೊಂಡು ಹೊರಟ ಮನುಷ್ಯ ಐದು ದಿಕ್ಕಿಗೆ ನೋಡಬೇಕು.

ಇದು ಹೇಗಾಯ್ತು ಅಂತ ನೆನಪಿಸಿಕೊಳ್ಳೋಣ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಸೇರಿಸಿದ್ರು. ಆಮೇಲೆ 371(ಜೆ) ಬಂತು. ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಿಗೆ ಮೀಸಲಾತಿ ಸಿಕ್ತು, ಪಕ್ಕದ ಹರಪನಹಳ್ಳಿಗೆ ಸಿಗಲಿಲ್ಲ. ಹೋರಾಟ ನಡೀತು. 2018ರಲ್ಲಿ ತಾಲ್ಲೂಕು ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಆಯ್ತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ — ಒಟ್ಟು ಆರು ತಾಲ್ಲೂಕು. ಕಾಲು ಶತಮಾನದೊಳಗೆ ಒಂದೇ ಊರಿನ ಜನ ಮೂರು ಜಿಲ್ಲಾ ಕೇಂದ್ರದ ಕಚೇರಿ ಮೆಟ್ಟಿಲು ಹತ್ತಿದ್ರು.

371(ಜೆ) ಸಿಕ್ಕಿದ್ದು ಒಳ್ಳೆಯದೇ ಆಯ್ತು, ಅದರ ಬಗ್ಗೆ ಎರಡು ಮಾತಿಲ್ಲ. ನಮ್ಮ ಹುಡುಗ್ರಿಗೆ ಸೀಟು, ನೌಕರಿ ಸಿಗೋ ದಾರಿ ಅದು. ಆದ್ರೆ ಬದುಕಿನ ದಿಕ್ಕು ಬದಲಾಗಿಲ್ಲ. ದುರ್ಗದಿಂದ ದಾವಣಗೆರೆ 30 ಕಿ.ಮೀ. ಒಳಗೇ ಇದೆ. ಹೊಸಪೇಟೆ 100 ಕಿ.ಮೀ.ಗೂ ಹೆಚ್ಚು. ಆಸ್ಪತ್ರೆ, ಕಾಲೇಜು, ಹೋಲ್‌ಸೇಲ್ ಅಂಗಡಿ, ಮದುವೆ ಜವಳಿ ಎಲ್ಲಾ ದಾವಣಗೆರೆ. ಭಕ್ತರು ಬರೋದೂ ಹೆಚ್ಚಾಗಿ ಆ ಕಡೆಯಿಂದಲೇ. ಸರ್ಕಾರಿ ಕಾಗದ ಮಾತ್ರ ಹೊಸಪೇಟೆಗೆ ಹೋಗಿ ಬರಬೇಕು.

ಇದರ ಪರಿಣಾಮ ಏನಂದ್ರೆ, ದಾವಣಗೆರೆಯವರಿಗೆ ಇದು ‘ಹತ್ತಿರದ ಗುಡ್ಡ, ಬೇರೆ ಜಿಲ್ಲೆ’. ಹೊಸಪೇಟೆಯವರಿಗೆ ಇದು ‘ನಮ್ಮ ಜಿಲ್ಲೆ, ದೂರದ ಗುಡ್ಡ’. ಜಿಲ್ಲೆಯ ಹೆಸರೇ ವಿಜಯನಗರ ಅಂತ ಆದ ಮೇಲೆ ಪ್ರವಾಸೋದ್ಯಮ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಹಂಪಿಯ ಕಲ್ಲಿನ ರಥ. ಬರಲಿ, ಹಂಪಿ ದೊಡ್ಡದೇ. ಆದ್ರೆ ಉಳಿದ ಐದು ತಾಲ್ಲೂಕಿನಲ್ಲೂ ಏನೇನಿದೆ ನೋಡಿ: ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ, ಉಜ್ಜಿನಿಯ ಮರುಳಸಿದ್ಧೇಶ್ವರ, ಗುಡೇಕೋಟೆಯ ಕೋಟೆ ಮತ್ತು ಕರಡಿಧಾಮ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಅಂಕಸಮುದ್ರದ ಪಕ್ಷಿಧಾಮ. ಇವುಗಳ ಸಾಲಿನಲ್ಲಿ ಜನ ಈಗಾಗಲೇ ತಾವಾಗೇ ಬರ್ತಿರೋ ಜಾಗ ಉಚ್ಚಂಗಿದುರ್ಗ. ಕರೆಯೋ ಕೆಲಸ ಇಲ್ಲ. ಬಂದವರನ್ನ ಸಂಭಾಳಿಸೋ ಕೆಲಸ ಇದೆ.

ಒಂದೇ ತಿಂಗಳು, ನಾಲ್ಕು ಜಾತ್ರೆ

ನಮ್ಮ ಭಾಗದ ಜಾತ್ರೆ ಲೆಕ್ಕ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗ. ಅದೇ ಹುಣ್ಣಿಮೆಯ ಬೆನ್ನಿಗೇ ಮೈಲಾರದ ಕಾರ್ಣಿಕ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯೋ ಒಂದು ಮಾತಿಗೆ ಜನಸಾಗರ. ಆಮೇಲೆ ಕೊಟ್ಟೂರೇಶ್ವರರ ತೇರು. ಶಿವರಾತ್ರಿ ಆಸುಪಾಸಿಗೆ ಕುರುವತ್ತಿ ಬಸವೇಶ್ವರ. ಎಲ್ಲಾ ಹೆಚ್ಚುಕಮ್ಮಿ ಒಂದೇ ತಿಂಗಳಲ್ಲಿ, ಮೂರೇ ತಾಲ್ಲೂಕಿನಲ್ಲಿ.

ಈ ತಿಂಗಳಲ್ಲಿ ಪೊಲೀಸರು, ಬಸ್ಸಿನವರು, ಆರೋಗ್ಯ ಇಲಾಖೆಯವರು, ಪಂಚಾಯಿತಿಯವರು ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಓಡ್ತಾನೇ ಇರ್ತಾರೆ. ಅವರನ್ನ ದೂರೋದು ಸುಲಭ. ಆದ್ರೆ ಇಷ್ಟು ಜನಸಂದಣಿಯನ್ನ ಅಷ್ಟೇ ಸಿಬ್ಬಂದಿಯಲ್ಲಿ ನಿಭಾಯಿಸೋ ಕಷ್ಟ ಸಣ್ಣದಲ್ಲ. 2017ರಲ್ಲಿ ಕೊಟ್ಟೂರಿನಲ್ಲಿ ತೇರು ವಾಲಿ ಬಿದ್ದದ್ದನ್ನ ನಾವ್ಯಾರೂ ಮರೆತಿಲ್ಲ. ಅದಕ್ಕೇ ಜಾತ್ರೆ ಅಂದ್ರೆ ಅಧಿಕಾರಿಗಳ ಮೊದಲ ಚಿಂತೆ ‘ಇವತ್ತು ಏನೂ ಆಗದಂಗೆ ಮುಗೀಲಿ’ ಅನ್ನೋದು. ಮುಗಿದ ಮೇಲೆ ಸಭೆ ಇಲ್ಲ, ಲೆಕ್ಕ ಇಲ್ಲ. ಮುಂದಿನ ವರ್ಷ ಮತ್ತೆ ಅದೇ ಪೂರ್ವಭಾವಿ ಸಭೆ, ಅದೇ ಕುಡಿಯೋ ನೀರಿನ ಟ್ಯಾಂಕರ್ ಮಾತು.

ಇದಕ್ಕೆ ಶಕ್ತಿ ಯೋಜನೆಯನ್ನೂ ಸೇರಿಸಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ವರ್ಷಕ್ಕೊಮ್ಮೆ ಟ್ರ್ಯಾಕ್ಟರ್ ಹತ್ತಿ ಬರ್ತಿದ್ದ ಎಷ್ಟೋ ಮನೆಯ ಹೆಣ್ಣುಮಕ್ಕಳು ಈಗ ಮಂಗಳವಾರ, ಶುಕ್ರವಾರ ಅಂತ ಮನಸ್ಸು ಬಂದಾಗ ಹೊರಡ್ತಾರೆ. ಇದು ಸಂತೋಷದ ಸಂಗತಿ. ಆದ್ರೆ ಜನ ವರ್ಷವಿಡೀ ಬರ್ತಿರುವಾಗ ವ್ಯವಸ್ಥೆ ಜಾತ್ರೆ ವಾರಕ್ಕೆ ಮಾತ್ರ ಇದ್ರೆ ಹೇಗೆ? ಗುಡ್ಡ ಹತ್ತೋ ಹೆಂಗಸರಿಗೆ ಮೊದಲು ಬೇಕಾದದ್ದು ನೆರಳು, ಕುಡಿಯೋ ನೀರು, ಬೀಗ ಹಾಕದ ಶೌಚಾಲಯ. ಈ ಮೂರನ್ನ ಜಾತ್ರೆಗೆ ಮಾತ್ರ ಅಂತ ಮಾಡೋಕಾಗಲ್ಲ.

ವಾರದ ಕಾವಲಿಗೆ ಸಿಗದ ಮುತ್ತು

ಉಚ್ಚಂಗಿದುರ್ಗದ ‘ಸಂಪ್ರದಾಯ’ ಅಂತ ಬರೆಯುವಾಗ ಒಂದು ವಿಷಯ ಮುಚ್ಚಿಟ್ಟು ಬರೆದ್ರೆ ಅದು ಮೋಸ. ಪಡ್ಲಿಗೆ ಹೊತ್ತ ಜೋಗಮ್ಮಂದಿರು, ಭಂಡಾರ, ಚೌಡಿಕೆ, ಉಧೋ ಉಧೋ ಅನ್ನೋ ಕೂಗು ಇವೆಲ್ಲ ನೋಡೋಕೆ ಚಂದ. ಅದರ ಹಿಂದೆ ಬಡ ದಲಿತ ಮನೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದ ಕಥೆಯೂ ಇದೆ. ಭರತ ಹುಣ್ಣಿಮೆಯ ರಾತ್ರಿ ಅದಕ್ಕೆ ಹೆಸರಾಗಿತ್ತು.

1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧದ ಕಾನೂನು ಬಂತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ಗುರುತಿಸಿದ ದೇವದಾಸಿ ಮಹಿಳೆಯರು 46,660. 2025ರಲ್ಲಿ ಇನ್ನೊಂದು ಹೊಸ ಕಾನೂನಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿದೆ. ಅದರ ದೊಡ್ಡ ವಿಷಯ ಅಂದ್ರೆ, ಆ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆ ಹೆಸರು ಬರೆಯಲೇಬೇಕು ಅನ್ನೋ ಒತ್ತಾಯಕ್ಕೆ ಕೊನೆ ಹಾಡೋದು. ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರ ಮಾಡಿಸುವಾಗ, ಕೌಂಟರಿನಲ್ಲಿ ಎಲ್ಲರ ಮುಂದೆ ‘ಅಪ್ಪನ ಹೆಸರೇನು’ ಅಂತ ಕೇಳಿಸಿಕೊಂಡ ಮಕ್ಕಳಿಗೆ ಇದರ ಬೆಲೆ ಗೊತ್ತು.

ಪ್ರತಿ ವರ್ಷ ಹುಣ್ಣಿಮೆಗೆ ತೋಪಿನ ಸುತ್ತ ಕಾವಲು ಇರುತ್ತೆ. ‘ದೇವದಾಸಿ ಪದ್ಧತಿ ಶಿಕ್ಷಾರ್ಹ ಅಪರಾಧ’ ಅಂತ ಬ್ಯಾನರ್ ಬೀಳುತ್ತೆ, ಮೈಕಿನಲ್ಲಿ ಹೇಳ್ತಾರೆ. ಅದು ಬೇಕು, ನಿಲ್ಲಬಾರದು. ಆದ್ರೆ ಒಂದು ಯೋಚನೆ ಮಾಡಿ. ಯಾರಾದ್ರೂ ಮಗಳಿಗೆ ಮುತ್ತು ಕಟ್ಟಿಸಬೇಕು ಅಂತ ಈಗಲೂ ತೀರ್ಮಾನ ಮಾಡಿದ್ರೆ, ಪೊಲೀಸರು ನಿಂತಿರೋ ಹುಣ್ಣಿಮೆಯ ದಿನವೇ ಬಂದು ಕಟ್ಟಿಸ್ತಾರಾ? ಆ ತೀರ್ಮಾನ ಆಗೋದು ಮನೆಯಲ್ಲಿ. ಸಾಲ, ಕಾಯಿಲೆ, ಗಂಡು ಮಗ ಇಲ್ಲ ಅನ್ನೋ ಚಿಂತೆ, ತಲೆಯಲ್ಲಿ ಜಡೆ ಕಟ್ಟಿತು ಅನ್ನೋ ಹೆದರಿಕೆ ಇವೆಲ್ಲ ಸೇರಿದಾಗ. ಆ ಮನೆ ಕೂಡ್ಲಿಗಿ ತಾಲ್ಲೂಕಿನ ಕೇರಿಯಲ್ಲಿರಬಹುದು, ಹಡಗಲಿ ಕಡೆಯ ಹಳ್ಳಿಯಲ್ಲಿರಬಹುದು. ಗುಡ್ಡದ ಮೇಲೆ ಕಾವಲು ಹಾಕಿದ್ರೆ ಗುಡ್ಡದಲ್ಲಿ ನಿಲ್ಲುತ್ತೆ, ಮನೆಯಲ್ಲಿ ನಿಲ್ಲಲ್ಲ.

ಹುಡುಗಿ ಹತ್ತನೇ ಕ್ಲಾಸಿನ ತನಕ ಶಾಲೆಯಲ್ಲಿದ್ದಾಳಾ, ಮಧ್ಯದಲ್ಲೇ ಬಿಟ್ಟಳಾ ಅಂತ ಅಂಗನವಾಡಿ, ಆಶಾ, ಶಾಲೆ ಮಾಸ್ತರರು ಸೇರಿ ವರ್ಷವಿಡೀ ನೋಡಿದ್ರೆ ಅದು ನಿಜವಾದ ಕಾವಲು. ಪಟ್ಟಿಯಲ್ಲಿರೋ ಅಮ್ಮಂದಿರಿಗೆ ಪಿಂಚಣಿ ತಿಂಗಳು ತಿಂಗಳು ಸರಿಯಾಗಿ ಬಂದ್ರೆ ಅದು ನಿಜವಾದ ಪುನರ್ವಸತಿ. ಜಾತ್ರೆ ವಾರದ ಬ್ಯಾನರ್ ಇದಕ್ಕೆ ಸೇರಿಸೋ ಒಂದು ಸಾಲು ಅಷ್ಟೇ.

ಇದನ್ನ ನೋಡೋಕೆ ಬರೋರಿಗೂ ಒಂದು ಮಾತು. ಜೋಗಮ್ಮಂದಿರ ಮುಖಕ್ಕೆ ಮೊಬೈಲ್ ಹಿಡಿದು ರೀಲ್ಸ್ ಮಾಡೋದು ಈಗ ಚಾಳಿಯಾಗಿದೆ. ಅವರಲ್ಲಿ ಕೆಲವರು ಬಾಲ್ಯದಲ್ಲಿ ತಮ್ಮನ್ನ ಯಾರೂ ಕೇಳದೆ ಈ ದಾರಿಗೆ ಬಂದವರು. ವಿಡಿಯೋಗಾದರೂ ಅವರನ್ನ ಕೇಳಿ ಹಿಡೀರಿ.

ದುಡ್ಡು ಗುಡ್ಡ ಹತ್ತುತ್ತೆ, ಊರಿಗೆ ಇಳಿಯಲ್ಲ

ಅಂಗಡಿಯವರ ಮಾತಿಗೆ ಬರೋಣ. ಜಾತ್ರೆಯಲ್ಲಿ ಕೋಟಿ ಮಾತು ಆಡೋರು ಬಹಳ. ಆದ್ರೆ ಆ ದುಡ್ಡು ಯಾರ ಗಲ್ಲಾಪೆಟ್ಟಿಗೆ ಸೇರುತ್ತೆ?

ಹುಂಡಿಗೆ ಬೀಳೋದು ಮುಜರಾಯಿ ಲೆಕ್ಕ. ಜಾತ್ರೆ ಅಂಗಡಿಗಳಲ್ಲಿ ದೊಡ್ಡವು ಹೊರಗಿಂದ ಬರೋವು: ಬಳೆ, ಪಾತ್ರೆ, ಆಟಿಕೆ, ತೊಟ್ಟಿಲು ಯಂತ್ರ, ಮಿಠಾಯಿ. ಅವರು ಒಂದು ಜಾತ್ರೆ ಮುಗಿಸಿ ಇನ್ನೊಂದು ಜಾತ್ರೆಗೆ ಗಂಟು ಕಟ್ತಾರೆ. ಭಕ್ತರ ಸಾಮಾನು ದಾವಣಗೆರೆ ಹೋಲ್‌ಸೇಲ್. ಊಟ ತೋಪಿನಲ್ಲಿ ಸ್ವಂತ ಅಡುಗೆ. ಬೈಕಿನಲ್ಲಿ ಬರೋ ಹುಡುಗ್ರು ಪೆಟ್ರೋಲು ಹಾಕಿಸೋದೂ ಅಲ್ಲೇ, ಬಿರಿಯಾನಿ ತಿನ್ನೋದೂ ವಾಪಸ್ ಹೋಗುವಾಗಲೇ. ಊರಿಗೆ ಉಳಿಯೋದು ಒಂದಷ್ಟು ಟೀ, ಒಂದಷ್ಟು ಕಾಯಿ, ಗಾಡಿ ನಿಲ್ಲಿಸೋ ಜಾಗದ ಜಗಳ, ರಾಶಿ ಕಸ.

ಬಂದವರು ಇಲ್ಲಿ ಎರಡು ತಾಸು ಹೆಚ್ಚು ಇದ್ರೆ ಸಾಕು, ಲೆಕ್ಕ ಬದಲಾಗುತ್ತೆ. ಎರಡು ತಾಸು ಇರಬೇಕಾದ್ರೆ ನೋಡೋಕೆ, ಕೇಳೋಕೆ, ತಿನ್ನೋಕೆ ಏನಾದ್ರೂ ಬೇಕು. ಕೋಟೆಯ ಬಾಗಿಲು ಯಾವುದು, ಕೊಳ ಯಾವುದು, ಪಾಂಡ್ಯರು ಯಾರು ಅಂತ ಹೇಳೋ ಒಬ್ಬ ಹುಡುಗ ಅಥವಾ ಹುಡುಗಿ ಬೇಕು. ಜೋಳದ ರೊಟ್ಟಿ, ಹಿಂಡಿ ಪಲ್ಯ, ಮಿರ್ಚಿ-ಮಂಡಕ್ಕಿ ಶುದ್ಧವಾಗಿ ಕೊಡೋ ಸ್ತ್ರೀಶಕ್ತಿ ಸಂಘದ ಒಂದು ಖಾನಾವಳಿ ಬೇಕು. ಇದಕ್ಕೆ ಕೋಟಿ ಬೇಕಾಗಿಲ್ಲ.

ಹಂಪಿ ಕಲಿಸಿದ ಪಾಠ

‘ಹಂಗಾದ್ರೆ ದುರ್ಗವನ್ನ ಪ್ರವಾಸಿ ತಾಣ ಅಂತ ಘೋಷಣೆ ಮಾಡಲಿ’ ಅಂತ ಯಾರಾದ್ರೂ ಹೇಳಬಹುದು. ಸ್ವಲ್ಪ ತಡೀರಿ. ಘೋಷಣೆ ಆದ ಮೇಲೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಮನೆ, ಅಂಗಡಿ, ಹೋಟೆಲ್ ಮಾಡಿಕೊಂಡಿದ್ರು. ಸ್ಮಾರಕಕ್ಕೆ ಧಕ್ಕೆ ಅನ್ನೋ ಮಾತು ಬಂತು, ಕೋರ್ಟಿಗೂ ಹೋಯ್ತು. 2011ರ ಜುಲೈ ಕೊನೆಯಲ್ಲಿ ಜೆಸಿಬಿ ಬಂದು ತೆರವು ಮಾಡಿತು. ಮುನ್ನೂರಕ್ಕೂ ಹೆಚ್ಚು ಕುಟುಂಬ ಜಾಗ ಖಾಲಿ ಮಾಡಬೇಕಾಯ್ತು. ಪುನರ್ವಸತಿ ಅಂತ ಕಡ್ಡಿರಾಂಪುರದ ಕಡೆ ತೋರಿಸಿದ್ರು. ಸ್ಮಾರಕ ಉಳಿಸಬೇಕಿತ್ತು ಅನ್ನೋದು ನಿಜ. ಅಲ್ಲಿದ್ದ ಕಾಯಿ ಅಂಗಡಿಯವರು, ಚಪ್ಪಲಿ ಕಾಯೋರು, ಗೈಡುಗಳು ಯಾವ ಸ್ಥಿತಿಗೆ ಬಂದ್ರು ಅನ್ನೋದೂ ನಿಜ. ಮೊದಲೇ ಕೂತು ಮಾತಾಡಿ, ಬೇರೆ ಜಾಗ ತಯಾರು ಮಾಡಿ, ಆಮೇಲೆ ತೆರವು ಮಾಡಿದ್ರೆ ಇಷ್ಟು ನೋವು ಆಗ್ತಿರಲಿಲ್ಲ.

ಇನ್ನೊಂದು ಕಾನೂನು ವಿಷಯ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕ ಆದ್ರೆ ಅದರ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ. ಗುಡ್ಡದ ಮಗ್ಗುಲಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿರೋ ಊರಿಗೆ ಇಂಥ ನಿಯಮ ಏನು ತರುತ್ತೆ ಅಂತ ಮೊದಲೇ ಲೆಕ್ಕ ಹಾಕಬೇಕು. ಮಗನ ಮದುವೆಗೆ ಒಂದು ಕೋಣೆ ಎತ್ತಿಸಬೇಕು ಅಂದ್ರೂ ಅರ್ಜಿ. ಘೋಷಣೆಗೆ ಚಪ್ಪಾಳೆ ತಟ್ಟೋ ಮುಂಚೆ ಊರಿನವರು ನಕ್ಷೆ ಕೇಳಬೇಕು.

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಉಪಯೋಗಕ್ಕೆ ಬರುತ್ತೆ. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಬುಕ್‌ಚೊನ್ ಅಂತ ಒಂದು ಹಳೇ ಕೇರಿ ಇದೆ. ದಿಬ್ಬದ ಮೇಲೆ ಹಂಚಿನ ಮನೆಗಳು, ಇಕ್ಕಟ್ಟಿನ ಓಣಿ, ಎರಡು ಅರಮನೆಗಳ ನಡುವಿನ ಜಾಗ. ಅಲ್ಲಿ ಇವತ್ತಿಗೂ ಜನ ಸಂಸಾರ ಮಾಡ್ತಿದಾರೆ. ಟಿವಿ, ಮೊಬೈಲ್ ನೋಡಿ ಪ್ರವಾಸಿಗರು ಎಷ್ಟು ನುಗ್ಗಿದ್ರು ಅಂದ್ರೆ, ಬೆಳಗಿನ ಜಾವದಿಂದ ರಾತ್ರಿ ತನಕ ಜನರ ಮನೆ ಬಾಗಿಲಲ್ಲೇ ಫೋಟೋ, ಗಲಾಟೆ. ಕೊನೆಗೆ ಅಲ್ಲಿನ ಸ್ಥಳೀಯ ಆಡಳಿತ 2024ರ ನವೆಂಬರಿನಿಂದ ಒಂದು ನಿಯಮ ತಂತು. ಹೆಚ್ಚು ತೊಂದರೆ ಇರೋ ಓಣಿಗಳಿಗೆ ಸಂಜೆ 5ರಿಂದ ಬೆಳಗ್ಗೆ 10ರ ತನಕ ಪ್ರವಾಸಿಗರು ಹೋಗೋ ಹಾಗಿಲ್ಲ. 2025ರ ಮಾರ್ಚಿನಿಂದ ತಪ್ಪಿದವರಿಗೆ 1 ಲಕ್ಷ ವಾನ್ ದಂಡ. ಅಲ್ಲಿ ವಾಸ ಇರೋರು, ಅಂಗಡಿಯವರು, ಅವರ ನೆಂಟರಿಗೆ ಈ ನಿಯಮ ಅನ್ವಯ ಆಗಲ್ಲ.

ಉಚ್ಚಂಗಿದುರ್ಗಕ್ಕೆ ಅಂಥ ನೂಕುನುಗ್ಗಲು ವರ್ಷವಿಡೀ ಇಲ್ಲ. ದೇವಿ ದರ್ಶನಕ್ಕೆ ಬರೋರಿಗೆ ಗಡಿಯಾರ ಹಾಕೋದೂ ಸರಿಯಲ್ಲ. ಆದ್ರೆ ಆ ನಿಯಮದ ಹಿಂದಿರೋ ಯೋಚನೆ ನಮಗೂ ಬೇಕು: ನೋಡೋರ ಅನುಕೂಲಕ್ಕಿಂತ ಮೊದಲು ಅಲ್ಲಿ ಬದುಕೋರ ನೆಮ್ಮದಿ. ಹಂಪಿಯಲ್ಲಿ ಕಲ್ಲು ಉಳಿಸೋಕೆ ಜನರನ್ನ ಹೊರಗೆ ಕಳಿಸಿದ್ರು. ಅಲ್ಲಿ ಜನ ಉಳೀಲಿ ಅಂತ ಪ್ರವಾಸಿಗರಿಗೆ ಹೊತ್ತು ಗೊತ್ತು ಹಾಕಿದ್ರು. ದುರ್ಗದವರು ಈ ಎರಡನ್ನೂ ನೋಡಿ ತಮ್ಮ ದಾರಿ ತಾವೇ ಹೇಳಬೇಕು.

ಪಂಚಾಯಿತಿ ಕೈಯಲ್ಲೇ ಇರೋ ಅಧಿಕಾರ

‘ಸರ್ಕಾರ ಮಾಡಬೇಕು’ ಅಂತ ಹೇಳಿ ಮುಗಿಸೋದು ಸುಲಭ. ಆದ್ರೆ ಕೆಲವು ಕೆಲಸ ಈಗಿರೋ ಕಾನೂನಿನಲ್ಲೇ ಆಗುತ್ತೆ.

ಒಂದು, ಯಾತ್ರಿಕರ ಶುಲ್ಕ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಾತ್ರೆ, ಉತ್ಸವಕ್ಕೆ ಬರೋರಿಂದ ಶುಲ್ಕ ತಗೊಳ್ಳೋ ಅವಕಾಶ ಗ್ರಾಮ ಪಂಚಾಯಿತಿಗೆ ಇದೆ. ಷರತ್ತು ಒಂದೇ: ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿರಬೇಕು. ಬಡವರ ಮೇಲೆ ತಲೆಗಿಷ್ಟು ಅಂತ ಹೇರೋದು ಬೇಡ. ಕಾರು, ಟ್ರ್ಯಾಕ್ಟರ್, ಹೊರಗಿನ ದೊಡ್ಡ ಅಂಗಡಿಗಳಿಂದ ನ್ಯಾಯವಾದ ಮೊತ್ತ ತಗೊಂಡು, ರಸೀದಿ ಕೊಟ್ಟು, ಆ ದುಡ್ಡನ್ನ ಬೇರೆ ಖಾತೆಯಲ್ಲಿಟ್ಟು, ಜಾತ್ರೆ ಮುಗಿದ ಹದಿನೈದು ದಿನದಲ್ಲಿ ಲೆಕ್ಕವನ್ನ ಪಂಚಾಯಿತಿ ಗೋಡೆಗೆ ಅಂಟಿಸಿದ್ರೆ ಯಾರೂ ಬೇಡ ಅನ್ನಲ್ಲ. ಲೆಕ್ಕ ಕಾಣದಿದ್ದಾಗ ಮಾತ್ರ ಜನ ದನಿ ಎತ್ತೋದು.

ಎರಡು, ಪ್ಲಾಸ್ಟಿಕ್. ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ಕಿಗೆ ನಿಷೇಧ ಇದೆ. ಗುಡ್ಡದ ಬುಡದಲ್ಲಿ ಬಟ್ಟೆ ಚೀಲ, ಮುತ್ತುಗದ ಎಲೆಯ ಪತ್ರಾವಳಿ ಮಾರೋದಕ್ಕೆ ಊರಿನ ಹೆಣ್ಣುಮಕ್ಕಳ ಸಂಘಕ್ಕೇ ಜಾಗ ಕೊಟ್ರೆ ಕಸವೂ ಕಮ್ಮಿ, ವ್ಯಾಪಾರವೂ ಊರಿನದ್ದೇ.

ಮೂರು, ಹಣದ ಮೂಲ. ತಾಲ್ಲೂಕು ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿದೆ. ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಗ್ತಿದೆ. ಹರಪನಹಳ್ಳಿಯನ್ನ ದಾವಣಗೆರೆಯಿಂದ ತರೋಕೆ ನಾವು ಹೋರಾಡಿದ್ದೇ ಇಂಥ ಹಣ, ಇಂಥ ಹಕ್ಕಿಗಾಗಿ. ಗುಡ್ಡದ ದಾರಿಗೆ ನೆರಳು, ನೀರು, ಶೌಚಾಲಯದ ಒಂದು ಸಣ್ಣ ಯೋಜನೆ ಗ್ರಾಮಸಭೆಯಲ್ಲಿ ಠರಾವು ಆಗಿ ಹೋಗಲಿ. ಜಗಳೂರು ಕ್ಷೇತ್ರದ ಪ್ರತಿನಿಧಿಗಳಿಗೂ ಒಂದು ಪ್ರತಿ, ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೂ ಒಂದು ಪ್ರತಿ, ಹೊಸಪೇಟೆ ಜಿಲ್ಲಾಡಳಿತಕ್ಕೂ ಒಂದು ಪ್ರತಿ. ಐದು ವಿಳಾಸ ಇರೋದು ತೊಂದರೆ ಅಂತ ಇಷ್ಟು ದಿನ ಅಂದ್ವಿ. ಕೇಳೋಕೆ ಐದು ಬಾಗಿಲು ಇದಾವೆ ಅಂತಲೂ ಉಪಯೋಗಿಸಿಕೊಳ್ಳಬಹುದು.

ನಾಲ್ಕು, ಮಕ್ಕಳು. ಕೋಟೆ ತೋರಿಸೋ ಕೆಲಸಕ್ಕೆ ತರಬೇತಿ ಕೊಡೋದಾದ್ರೆ ಮೊದಲ ಅವಕಾಶ ದೇವದಾಸಿ ತಾಯಂದಿರ ಮಕ್ಕಳಿಗೆ ಸಿಗಲಿ. ಇದೇ ಗುಡ್ಡದ ಹೆಸರಲ್ಲಿ ಅವರ ಅಮ್ಮಂದಿರ ಬದುಕು ಒಂದು ದಿಕ್ಕಿಗೆ ಹೋಯ್ತು. ಅದೇ ಗುಡ್ಡದ ಹೆಸರಲ್ಲಿ ಮಕ್ಕಳ ಬದುಕು ಇನ್ನೊಂದು ದಿಕ್ಕಿಗೆ ಹೋಗಲಿ. ಪಾಂಡ್ಯರ ಕಥೆಯನ್ನ ಅವರ ಬಾಯಲ್ಲಿ ಕೇಳಿದ್ರೆ ಬಂದವರಿಗೂ ಒಂದು ಮರ್ಯಾದೆ ಕಲಿತ ಹಾಗಾಗುತ್ತೆ.

ಮುಂದಿನ ಸಲ ಹೋಗುವಾಗ

ವಾಪಸ್ ಇಳಿಯುವಾಗ ಮತ್ತೆ ಅದೇ ಅಜ್ಜಿ ಹತ್ರ ಬಂದೆ. ಕಾಯಿ ಒಂದೂ ಕಮ್ಮಿಯಾಗಿರಲಿಲ್ಲ. ಒಂದು ಕಾಯಿ, ಎರಡು ಬಾಳೆಹಣ್ಣು ತಗೊಂಡೆ. ದರ್ಶನ ಮುಗಿಸಿ ಬಂದವನು ಈಗ ಕಾಯಿ ಯಾಕೆ ತಗೋತಾನೆ ಅಂತ ಅವರಿಗೆ ಅನ್ನಿಸಿರಬೇಕು. ಏನೂ ಕೇಳಲಿಲ್ಲ. ಭಂಡಾರ ಹಚ್ಚಿ, ಒಳ್ಳೇದಾಗಲಿ ತಮ್ಮಾ ಅಂದ್ರು.

ಓದುಗರಲ್ಲಿ ಕೇಳಿಕೊಳ್ಳೋದು ಇಷ್ಟೇ. ಕೂಡ್ಲಿಗಿಯಿಂದಲೋ, ಕೊಟ್ಟೂರಿನಿಂದಲೋ, ಹಗರಿಬೊಮ್ಮನಹಳ್ಳಿ, ಹಡಗಲಿಯಿಂದಲೋ ಮುಂದಿನ ಸಲ ದುರ್ಗಕ್ಕೆ ಹೋಗುವಾಗ ಕಾಯಿ ಅಲ್ಲೇ ಕೊಳ್ಳಿ, ಕಸ ವಾಪಸ್ ತನ್ನಿ, ಯಾರ ಫೋಟೋ ತೆಗೀಬೇಕಾದ್ರೂ ಕೇಳಿ ತೆಗೀರಿ. ಹರಪನಹಳ್ಳಿ ತಾಲ್ಲೂಕಿನವರಾದ್ರೆ ಇನ್ನೊಂದು ಕೆಲಸ ಇದೆ. ಮುಂದಿನ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ. ಜಾತ್ರೆ ಲೆಕ್ಕ ಎಲ್ಲಿ, ಶೌಚಾಲಯದ ಬೀಗ ಯಾರ ಹತ್ರ ಇದೆ ಅಂತ ಎದ್ದು ನಿಂತು ಕೇಳಿ.

ಮುಂದಿನ ಭರತ ಹುಣ್ಣಿಮೆಗೆ ಇನ್ನೂ ತಿಂಗಳುಗಳಿವೆ. ಪೂರ್ವಭಾವಿ ಸಭೆ ಹುಣ್ಣಿಮೆಗೆ ವಾರ ಇರುವಾಗ ಕರೆಯೋ ಬದಲು ಈಗಲೇ ಕರೆದ್ರೆ ಅದಕ್ಕೊಂದು ಅರ್ಥ ಬರುತ್ತೆ. ಕರೆದ್ರೆ ಆ ಸುದ್ದಿಯನ್ನೂ ಇಲ್ಲೇ ಬರೀತೀವಿ. ಕರೆಯದಿದ್ರೆ ಅದನ್ನೂ.